ಬದು ದಾಟುವ ಹೋತ ಸಾಹೇಬರಿಗೆ

ಮಸಗುಪ್ಪಿ, ಸೋಮವಾರ

ನನ್ನ ಅಣ್ಣ ಖಂಡೆಪ್ಪನ ಕುರಿಹಿಂಡಿನ ಮುಂದಾಳುಗಳೂ, ಎಡಗೊಂಬು ಮುರಿದರೂ ಠೀವಿ ಮುರಿಯದವರೂ ಆದ ಶ್ರೀ ಕರಿ ಹೋತ ಅವರ ನಾಲ್ಕೂ ಗೊರಸುಗಳಿಗೆ ಸಿದ್ರಾಯನ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವೆಂಬುದನ್ನು ನನ್ನ ಮೆಕ್ಕೆಜೋಳದ ಕಡಿದ ತುದಿಗಳನ್ನು ನೋಡಿ ತಿಳಿದುಕೊಂಡೆ. ಹೋದ ತಿಂಗಳು ನನ್ನ ಅಕ್ಕನ ಮಗ ಸುಶಾಂತ, ದೂರದ ಒಂದು ದ್ವೀಪದೇಶವು ಹಲವು ದೇಶಗಳ ಒಕ್ಕೂಟವನ್ನು ಬಿಟ್ಟು ಹೊರಬಂದ ಕಥೆಯನ್ನು ಮೊಬೈಲಿನಲ್ಲಿ ತೋರಿಸಿದ. ಎರಡು ಮನೆಯ ಕುರಿಗಳನ್ನು ಒಂದೇ ಹಿಂಡು ಮಾಡಿ ಮೇಯಿಸುವ ನಮ್ಮ ಒಕ್ಕೂಟಕ್ಕೂ ಇಪ್ಪತ್ತು ವರ್ಷವಾಗಿತ್ತು. ಅದರಲ್ಲಿ ಹಿಂಡು ಯಾವ ದಿಕ್ಕಿಗೆ ಹೊರಡಬೇಕು, ಉಣ್ಣೆ ಯಾವಾಗ ಕತ್ತರಿಸಬೇಕು, ಮಧ್ಯಾಹ್ನ ನಾನು ಯಾವ ಮರದ ಕೆಳಗೆ ಮಲಗಬೇಕು ಎಂಬುದನ್ನೆಲ್ಲ ಅಣ್ಣನೇ ನಿರ್ಧರಿಸುತ್ತಿದ್ದ. ಅಂದೇ ಮನೆಯಲ್ಲಿ ಮತದಾನ ನಡೆಸಿದೆ. ಬಿಡಬೇಕೆಂದು ನಾನು ಕೈ ಎತ್ತಿದೆ, ಬೇಡವೆಂದು ಹೆಂಡತಿ ಭಾಗ್ಯಾ ಎತ್ತಿದಳು. ತೊಟ್ಟಿಲಲ್ಲಿದ್ದ ಮಗಳು ನನ್ನ ಕಡೆ ನೋಡುತ್ತ ಎರಡೂ ಕೈ ಎತ್ತಿದ್ದರಿಂದ ಬಿಡುವ ಪಕ್ಷಕ್ಕೆ ಭಾರೀ ಬಹುಮತ ಬಂತು.

ನನ್ನ ಅರವತ್ತು ಕುರಿಗಳ ಬೆನ್ನಿಗೆ ಕೆಂಪು ಬಣ್ಣ ಹಚ್ಚಿ ಬೇರೆ ಮಾಡಿಕೊಂಡೆ, ಹೊಲಗಳ ನಡುವಿನ ಬದುವನ್ನು ಗಡಿಯೆಂದು ಸಾರಿ ಜಾಲಿಮುಳ್ಳು ಹಾಕಿದೆ. ಆಗ ಅಣ್ಣ, "ಹೋತ ನೀನ ಒಯ್ಯಪಾ, ಅದು ಮುಂದ ಇರಲಿಲ್ಲಂದ್ರ ಕುರಿ ಒಂದ ಹೆಜ್ಜಿ ಕಿತ್ತಿಡೂದಿಲ್ಲ" ಎಂದ. ಸ್ವತಂತ್ರ ಹಿಂಡಿಗೆ ಪರದೇಶದ ಮುಂದಾಳು ಬೇಡವೆಂದು ಬಿಟ್ಟೆ. ಕುರಿಗಾರರ ಮನೆಯಲ್ಲಿ ಹುಟ್ಟಿಯೂ ಇಂಥ ತಪ್ಪು ಮಾಡಿದವನು ಈ ಸೀಮೆಯಲ್ಲಿ ನಾನೊಬ್ಬನೇ ಇರಬೇಕು.

ಮರುದಿನ ಬೆಳಿಗ್ಗೆ ತಾವು ಗಡಿಯ ಮೇಲೆ ನಿಂತು ಒಮ್ಮೆ ಗಂಟಲು ಸರಿಮಾಡಿಕೊಂಡಿರಿ. ಅರವತ್ತೂ ಕುರಿಗಳು ಯಾವ ಕಾಗದಪತ್ರವೂ ಇಲ್ಲದೆ ಮುಳ್ಳು ಹಾರಿ ತಮ್ಮ ಹಿಂದೆ ನಡೆದವು. ಸಂಜೆ ನಾನು ಹೊಡೆದುಕೊಂಡು ಬರುವುದು, ಬೆಳಿಗ್ಗೆ ತಾವು ಕರೆದುಕೊಂಡು ಹೋಗುವುದು ದಿನವೂ ನಡೆದಿದೆ. ಗಡಿ ಕಾಯಲು ನೇಮಿಸಿದ ನಾಯಿ ಮುಂಗಾಲು ಆ ದೇಶದಲ್ಲಿ, ಹಿಂಗಾಲು ಈ ದೇಶದಲ್ಲಿ ಇಟ್ಟು ಮಲಗಿ ಎರಡೂ ಕಡೆಯ ರೊಟ್ಟಿ ತಿನ್ನುತ್ತದೆ. ಭಾಷಣ ಮಾಡದೆ, ಕೈಮುಗಿಯದೆ ಇಷ್ಟು ಜನಬೆಂಬಲ ಗಳಿಸಿದ ನಾಯಕರನ್ನು ನಾನು ಗೋಕಾಕದಿಂದ ಹುಕ್ಕೇರಿಯವರೆಗೆ ಎಲ್ಲಿಯೂ ಕಂಡಿಲ್ಲ.

ಗೊಬ್ಬರಕ್ಕಾಗಿ ದುಡ್ಡು ಕೊಟ್ಟು ರಾತ್ರಿ ಹೊಲದಲ್ಲಿ ಹಿಂಡು ತಂಗಿಸಿಕೊಳ್ಳುವ ಮೇಲವಂಕಿಯ ಗುರುಲಿಂಗಪ್ಪ ಸಾಹುಕಾರರ ಹತ್ತಿರ ಪ್ರತ್ಯೇಕ ಒಪ್ಪಂದಕ್ಕೆ ಹೋದೆ. ಅವರು ನನ್ನ ಹಿಂದೆ ಮುಂದೆ ನೋಡಿ, "ಕುರಿ ಎಲ್ಲದಾವೋ ಸಿದ್ರಾಯ? ನೀ ಒಬ್ಬಾವ ಬಂದು ಹೊಲದಾಗ ಕುಂತ್ರ ನನಗೇನ ಫಾಯದೆ ಐತಿ?" ಎಂದರು. ನನ್ನ ಸರ್ಕಾರದ ನಿಯೋಗ ಬರಿಗೈಯಲ್ಲಿ ಮರಳಿತು.

ಮೊನ್ನೆಯಿಂದ ಭಾಗ್ಯಾಳೂ ಮಗಳನ್ನು ಎತ್ತಿಕೊಂಡು ಅತ್ತಿಗೆ ಸತ್ತೆವ್ವನ ಒಲೆಯ ಬಳಿಗೆ ವಲಸೆ ಹೋಗಿದ್ದಾಳೆ. ಆ ಕಡೆಯಿಂದ ನಗು ಕೇಳಿಸುತ್ತದೆ. ಈ ಕಡೆ ದೊರೆಯೂ ಪ್ರಜೆಯೂ ನಾನೊಬ್ಬನೇ. ನಿನ್ನೆ ನನ್ನ ಮಾತಿಗೆ ನಾನೇ ಹೂಂಗುಟ್ಟಿದೆ. ಖರೆ ಹೇಳುತ್ತೇನೆ, ಅಣ್ಣನ ಬೈಗುಳ ಕೇಳದೆ ಊಟ ಸೇರುತ್ತಿಲ್ಲ.

ಆದರೆ ಗಡಿ ಹಾಕಿದವನೇ ಕಾಲಾರೆ ನಡೆದು ಗಡಿ ದಾಟಿದರೆ ಊರು ನಗುತ್ತದೆ. ಆದ್ದರಿಂದ ತಮ್ಮಲ್ಲಿ ಒಂದೇ ಪ್ರಾರ್ಥನೆ. ನಾಳೆ ಬೆಳಿಗ್ಗೆ ನಾನು ಅಣ್ಣನ ಹೊಲದ ಕಡೆ ಮುಖ ಮಾಡಿ, ಏನೋ ಹುಡುಕುವವನಂತೆ ಬದುವಿನ ಬಳಿ, ಮುಳ್ಳು ಸರಿಸಿದ ಜಾಗದಲ್ಲಿ, ಬಗ್ಗಿ ನಿಂತಿರುತ್ತೇನೆ. ತಾವು ಹಿಂದಿನಿಂದ ಬಂದು, ನಾಲ್ಕು ಜನ ನೋಡುವಂತೆ, ಒಂದು ಗುದ್ದು ದಯಪಾಲಿಸಬೇಕು. ಆ ಕಡೆ ಬಿದ್ದವನನ್ನು ಅಣ್ಣ ಎಬ್ಬಿಸದೆ ಇರಲಾರ.

ತಮ್ಮ ವಿಶ್ವಾಸಿ, ಅನುಮತಿ ಸಿಕ್ಕರೆ ಅರವತ್ತೊಂದನೆಯ ಕುರಿ,
ಸಿದ್ರಾಯ

ತಾ.ಕ.: ನಾವು ಅಣ್ಣತಮ್ಮಂದಿರು ಮತ್ತೆ ಕೂಡಿದರೆ ಅಣ್ಣ ಬಾಡೂಟ ಹಾಕಿಸದೆ ಬಿಡುವವನಲ್ಲ. ಅಂದು ಪಾತ್ರೆಯೊಳಗೆ ಯಾರಿರಬೇಕು ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಆದಕಾರಣ ಮೆಲ್ಲಗೆ ಗುದ್ದುವುದು.