‘ಬಹಳ ತೃಪ್ತಿ’ ಎಂದು ಬರೆದುಕೊಟ್ಟ ಮೇಲೆ

ಜೇನುಹುಳಗಳದ್ದು ಏನೂ ತಪ್ಪಿಲ್ಲ. ತರಬೇತಿ ಕೊಟ್ಟವರದ್ದು ಸ್ವಲ್ಪ ಇದೆ, ಉಳಿದದ್ದೆಲ್ಲ ನನ್ನದೇ. ನನ್ನ ಮುಖ ಹಲಸಿನ ಹಣ್ಣಿನ ಹಾಗೆ ಊದಿಕೊಂಡದ್ದು ನಾನು ತೃಪ್ತಿಪಟ್ಟದ್ದರಿಂದ. ಓದಿದ್ದು ಮೂರನೇ ಕ್ಲಾಸು. ಆದರೂ ಇಷ್ಟು ಹೇಳಬಲ್ಲೆ, ತರಬೇತಿಗೆ ಹೋದವರಿಗೆ ತೃಪ್ತಿಯಾಗಲು ವಿದ್ಯೆ ಬರಬೇಕೆಂದೇನೂ ಇಲ್ಲ. ಫ್ಯಾನಿನ ಕೆಳಗೆ ಕುರ್ಚಿ, ಕೈಗೊಂದು ಚೀಲ, ಮಧ್ಯಾಹ್ನಕ್ಕೆ ಪಾಯಸ, ಎಬ್ಬಿಸಿ ನಿಲ್ಲಿಸಿ ಪ್ರಶ್ನೆ ಕೇಳದ ಮೇಷ್ಟರು, ಇಷ್ಟಿದ್ದರೆ ಸಾಕು.

ನಮ್ಮ ಮನೆಗೆ ಫೋನು ಬಂದ ವರ್ಷ ಅದು. ಕಾಫಿ ಹೂವಾಗುವ ಮುಂಚೆ ಮೂಡಿಗೆರೆಯಲ್ಲಿ ಹೆಂಗಸರಿಗೆ ಒಂದು ದಿನದ ಜೇನು ಸಾಕುವ ತರಬೇತಿ ಇಟ್ಟಿದ್ದರು. ನಮ್ಮ ಮಹಿಳಾ ಸಂಘದಿಂದ ಹದಿನೈದು ಜನ ಎರಡು ಜೀಪಿನಲ್ಲಿ ಹೋದೆವು. ಜೇನೆಂದರೆ ನನಗೆ ಜೀವ ನಡುಗುತ್ತದೆ. ಚಿಕ್ಕವಳಿದ್ದಾಗ ಹೆಜ್ಜೇನು ಎದ್ದು ನಮ್ಮ ದಿಬ್ಬಣವನ್ನೇ ಅಟ್ಟಿಸಿಕೊಂಡು ಬಂದಿತ್ತು. ಮದುಮಗನಾಗಿದ್ದ ಸೋದರಮಾವ ಬಾಸಿಂಗದ ಸಮೇತ ಕೆರೆಗೆ ಹಾರಿದ್ದರು. ಇಷ್ಟು ಹೆದರುವವಳು ಹೋದದ್ದು ಯಾಕೆ? ಉಳಿದ ಹದಿನಾಲ್ಕು ಜನರೂ ಹೊರಟಿದ್ದರು, ಅದಕ್ಕೇ.

ಮೇಜಿನ ಮೇಲೆ ಹೊಸ ಬಣ್ಣ ಬಳಿದ ಪೆಟ್ಟಿಗೆ. ಒಳಗೆ ಒಂದು ಹುಳವೂ ಇಲ್ಲ. ನನಗೆ ಹೋದ ಜೀವ ಬಂದಂತಾಯಿತು. ತರಬೇತಿ ಕೊಡುವ ಸಾಹೇಬರು ಮೆಲುಮಾತಿನವರು, ಹೇಳುತ್ತಲೇ ಹೋದರು. ನಾನು ತಲೆಯಾಡಿಸುತ್ತಲೇ ಇದ್ದೆ. ಇನ್ನೇನು ಊಟಕ್ಕೆ ಏಳಬೇಕು, ಆಗ ನಮ್ಮೂರ ಜೀಪು ರಿಪೇರಿಯವನ ಹೆಂಡತಿ ಖತೀಜ ಎದ್ದುನಿಂತಳು.

“ಸಾರ್, ಹುಳ ಇರೋ ಪೆಟ್ಟಿಗೆ ಒಂದ್ಸಲ ತೆಗ್ದು ತೋರ್ಸಿ. ಖಾಲಿ ಪೆಟ್ಟಿಗೆ ತೆಗಿಯಾಕೆ ಎಲ್ರಿಗೂ ಬರುತ್ತೆ.”

ಸಾಹೇಬರು ಗಡಿಯಾರ ನೋಡಿದರು. ನಾನು ಅವಳ ಸೆರಗು ಹಿಡಿದು ಎಳೆದೆ. “ಕೂತ್ಕೊಳೇ ಮಾರಾಯ್ತಿ, ಪಾಯಸ ಆರಿ ಹೋಗುತ್ತೆ.”

ಊಟವಾದ ಮೇಲೆ ಒಂದೊಂದು ಕಾಗದ ಹಂಚಿದರು. ತರಬೇತಿ ತೃಪ್ತಿ ತಂದಿದೆಯೇ ಎಂದು ಅದರಲ್ಲಿತ್ತು. ಎಲ್ಲ ಸಾಲಿಗೂ ‘ಬಹಳ ತೃಪ್ತಿ’ ಎಂದೇ ಗುರುತು ಹಾಕಿಕೊಟ್ಟೆ. ಖತೀಜ ‘ಇಲ್ಲ’ ಎಂದು ಹಾಕಿದಳು. ಹದಿನೈದು ದಿನಕ್ಕೆ ಹುಳ ತುಂಬಿದ ಪೆಟ್ಟಿಗೆಯೊಂದು ನನ್ನ ಮನೆಗೇ ಬಂತು. ತೃಪ್ತಿಯಾದವರಿಗೆ ಮೊದಲಂತೆ! ಖತೀಜಳಿಗೆ ಬರಲಿಲ್ಲ.

ಪೆಟ್ಟಿಗೆಯನ್ನು ಹಿತ್ತಲ ಪೇರಳೆ ಮರದ ಕೆಳಗೆ ನಿಲ್ಲಿಸಿ ಹೋದರು. ಅವತ್ತಿನಿಂದ ನಾನು ಬಚ್ಚಲಿಗೂ ಮನೆ ಸುತ್ತು ಹಾಕಿಯೇ ಹೋದೆ. ಒಲೆ ಮುಂದೆ ಕೂತರೂ ಕಿವಿಯಲ್ಲಿ ಗುಂಯ್ ಎನ್ನುತ್ತಿತ್ತು. ಸಾಸಿವೆ ಸಿಡಿದರೆ ಬೆಚ್ಚಿಬೀಳುತ್ತಿದ್ದೆ. ವಾರಕ್ಕೊಮ್ಮೆ ಮುಚ್ಚಳ ತೆಗೆದು ನೋಡಬೇಕೆಂದು ಸಾಹೇಬರು ಹೇಳಿದ್ದು ನೆನಪಿತ್ತು. ಮೂರು ವಾರ ನೋಡಲಿಲ್ಲ. ನಾಲ್ಕನೆಯ ವಾರ ಇರುವೆ ಸಾಲು ಪೆಟ್ಟಿಗೆ ಹತ್ತುವುದು ಕಂಡಿತು. ಇರುವೆ ನುಗ್ಗಿದರೆ ಹುಳಗಳು ಗೂಡು ಬಿಟ್ಟು ಹೋಗುತ್ತವೆ. ಆಮೇಲೆ ‘ಬಹಳ ತೃಪ್ತಿ’ ಎಂದು ಬರೆದುಕೊಟ್ಟವಳು ಸಂಘದಲ್ಲಿ ಮುಖ ಎಲ್ಲಿಡಬೇಕು?

“ತರಬೇತೀಲಿ ಕೊಟ್ಟ ಸರ್ಟಿಫಿಕೇಟು ಹಿಡ್ಕಂಡು ಹೋಗಿ ಅತ್ತೆ,” ಎಂದಳು ಸೊಸೆ, “ಹುಳಕ್ಕೆ ತೋರ್ಸಿ.”

ಮಳೆಗೂ ಚಳಿಗೂ ನಮಗೆ ಕಂಬಳಿಯೇ ತಾನೆ? ಕಪ್ಪು ಕಂಬಳಿಯನ್ನು ತಲೆಯಿಂದ ಕಾಲಿನವರೆಗೆ ಕೊಪ್ಪೆ ಹಾಕಿಕೊಂಡು ಹೋಗಿ, ಕಣ್ಣು ಮುಚ್ಚಿ ಮುಚ್ಚಳ ಕಿತ್ತೆ. ಮುಂದಿನದು ನಾನು ನೋಡಲಿಲ್ಲ, ಗುಂಯ್ ಎಂದು ಏಳುವುದು ಕೇಳಿತು ಅಷ್ಟೆ. ಒಳಗೆ ಓಡಿಬಂದು ಅಗುಳಿ ಹಾಕಿದರೆ, ಮೂರು ಹುಳ ನನ್ನ ಜೊತೆಗೇ ಒಳಗೆ ಬಂದಿದ್ದವು, ಮೂರೂ ಮುಖಕ್ಕೇ ಕುಟುಕಿದವು. ಮುಚ್ಚಳ ಮಾತ್ರ ಹೊರಗೆ ನೆಲದ ಮೇಲಿತ್ತು. ಗುಡುಗು ಶುರುವಾಯಿತು. ತೆರೆದ ಗೂಡಿಗೆ ಮಳೆ ಬಿದ್ದರೆ ಮರಿಗಳೆಲ್ಲ ಸಾಯುತ್ತವೆ. ಕಿಟಕಿಯಿಂದ ನೋಡುತ್ತ ಕೂತೆ.

ಸೊಸೆ ಓಡಿಹೋಗಿ ಖತೀಜಳನ್ನು ಕರೆತಂದಳು. ಅವಳು ತೆಂಗಿನ ನಾರಿನ ಹೊಗೆ ಊದಿ, ಬರಿಗೈಯಲ್ಲಿ ಇರುವೆ ಒರೆಸಿ, ಮೆಲ್ಲಗೆ ಮುಚ್ಚಳ ಇಟ್ಟಳು. ಮಳೆಯ ಮೊದಲ ಹನಿ ಬಿದ್ದದ್ದು ಆ ಮುಚ್ಚಳದ ಮೇಲೆ.

“ಕಪ್ಪು ಕಂಬಳಿ ಹೊದ್ದು ಹೋದ್ರೆ ಕರಡಿ ಬಂತು ಅಂದ್ಕೊಳ್ತಾವೆ ಅಜ್ಜಿ. ಅವಕ್ಕೂ ಹೆದ್ರಿಕೆ ಇಲ್ವಾ?”

“ಇದನ್ನ ತರಬೇತೀಲಿ ಹೇಳ್ಲೇ ಇಲ್ವಲ್ಲೇ!”

“ನಮ್ಮಮ್ಮ ಹೇಳಿದ್ದು. ಸಣ್ಣೋಳಿದ್ದಾಗ ಕೈ ಹಿಡ್ಕಂಡು ಗೂಡು ತೆಗಿಸಿದ್ಲು. ಅವತ್ತು ನಾನೂ ಅತ್ತಿದ್ದೆ.”

“ಮತ್ತೆ ಅಷ್ಟೆಲ್ಲ ಗೊತ್ತಿದ್ದೋಳು ಅಲ್ಲಿ ಎದ್ದು ಯಾಕೆ ಕೇಳ್ದೆ?”

“ನಿಮ್ಮ ಹೆದ್ರಿದ ಮುಖ ನೋಡಿ ಕೇಳಿದ್ದು.”

ಸೆರಗು ಎಳೆದ ಕೈ ನನ್ನದೇ.

ಮರುದಿನ ಬೆಳಿಗ್ಗೆ ಒಂದು ಕಣ್ಣು ಇನ್ನೂ ಬಿಡಲು ಬರುತ್ತಿರಲಿಲ್ಲ. ತಿಳಿ ಬಣ್ಣದ ಸೀರೆ ಉಟ್ಟು ಖತೀಜಳನ್ನು ಕರೆತಂದೆ. ತರಬೇತಿಯಲ್ಲಿ ಕೊಟ್ಟ ಚೀಲದಿಂದ ಪುಸ್ತಕ ತೆಗೆದು, ಒಂದು ಹಾಳೆ ಹರಿದು ನಾರಿಗೆ ಬೆಂಕಿ ಹಚ್ಚಿದೆ. ಪುಸ್ತಕ ಕೆಲಸಕ್ಕೆ ಬಂದದ್ದು ಅದೇ ಮೊದಲು. ಖತೀಜ ನನ್ನ ಮಣಿಕಟ್ಟು ಹಿಡಿದಳು. ನಾನು ಮುಚ್ಚಳ ಎತ್ತಿದೆ. ಹುಳಗಳು ನನ್ನನ್ನು ಕ್ಯಾರೇ ಅನ್ನಲಿಲ್ಲ.

“ಈಗ ತೃಪ್ತಿ ಆಯ್ತಾ ಅಜ್ಜಿ?”

“ಇಲ್ವೇ, ಜೀವ ಬಾಯಿಗೆ ಬಂದಿದೆ. ಕೈ ಬಿಡ್ಬೇಡ,” ಎಂದೆ.