ತೊಲೆಯ ತೀರ್ಪು

ಒಗೊಬಾರನ ಮೇಕೆ ಅತೀಮೆಯ ಈರುಳ್ಳಿಯನ್ನು ತಿಂದುಬಿಟ್ಟಿತು. ಜಜ್ಜಿ, ಉಂಡೆ ಕಟ್ಟಿ, ಬಂಡೆಯ ಮೇಲೆ ಒಣಗಲಿಟ್ಟಿದ್ದ ವರ್ಷದ ಬೆಳೆ. ಉಳಿದದ್ದು ಒಂದೇ ಉಂಡೆ. "ಆ ಮೇಕೆ ನಮ್ಮ ಕೊಟ್ಟಿಗೆಗೆ ಬರ್ಬೇಕು. ಇಲ್ದಿದ್ರೆ ನೀನೂ ಬರ್ಬೇಡ" ಎಂದಳು ಅತೀಮೆಯ ಹೆಂಡತಿ, ಯಾಸಿಗೆ ಎಂಬವಳು.

ನ್ಯಾಯ ತೀರುವುದು ಸಂಜೆ, ಮಾತಿನ ಚಾವಡಿಯಲ್ಲಿ. ಅತೀಮೆಗೆ ಕಂಟಕ ಇದ್ದದ್ದೇ ಅಲ್ಲಿ. ಆ ಬಂಡೆನಾಡಿನ ದೊಗೋನ್ ಜನರ ಪೂರ್ವಿಕರು ತತ್ತ್ವವನ್ನು ಬಾಯಲ್ಲಿ ಹೇಳಿ ಸುಮ್ಮನಾಗದೆ ಕಟ್ಟಡವಾಗಿಯೇ ಕಟ್ಟಿಟ್ಟಿದ್ದರು: ಕೂತು ಆಡಿದ್ದೇ ಮಾತು, ಎದ್ದು ಆಡಿದ್ದು ಬರೀ ಗಾಳಿ. ಅದಕ್ಕೇ ಚಾವಡಿಯ ಮಾಡು ಎದೆಯೆತ್ತರಕ್ಕಷ್ಟೇ. ಸಿಟ್ಟಿನಿಂದ ಎದ್ದವನ ತಲೆ ತೊಲೆಗೆ ಬಡಿಯುತ್ತದೆ. ಬಡಿದರೆ ಅವನ ಮಾತು ಅಲ್ಲಿಗೇ ಬಿತ್ತು. ಊರಿಗೆಲ್ಲ ಉದ್ದನೆಯವನಾದ ಮುಂಗೋಪಿ ಅತೀಮೆ ಹೀಗೆ ಸೋಲದ ವ್ಯಾಜ್ಯವೇ ಇಲ್ಲ.

ಮಧ್ಯಾಹ್ನ ಆ ಮಾಡಿನ ತಂಪಿನಲ್ಲೇ ಒರಗಿದ. ಮೇಲೆ ಹೊದಿಸಿದ ಸಜ್ಜೆ ದಂಟಿನ ವಾಸನೆ, ದೂರದ ಬಂಡೆಗಳಲ್ಲಿ ಪಾರಿವಾಳಗಳ ಗುಟುರು, ಕಣ್ಣು ಮುಚ್ಚಿತು. ಕನಸಿನಲ್ಲಿ ಮಾಡು ಮೋಡದಂತೆ ಮೆಲ್ಲಗೆ ಮೇಲೇರಿತು. ಅತೀಮೆ ಎದ್ದು ನಿಂತ, ನಿಂತೇ ಮಾತಾಡಿದ, ನಕ್ಷತ್ರಗಳೆಲ್ಲ ತಲೆದೂಗಿದವು. ಎಚ್ಚರವಾದಾಗ ಮಾಡು ಮೊದಲಿನ ಜಾಗದಲ್ಲೇ ಇತ್ತು. ಆದರೆ ಉಪಾಯ ಹೊಳೆಯಿತು: ಮಾಡು ಏರದಿದ್ದರೇನು, ನೆಲ ಇಳಿಯಬಾರದೇ?

ತಾನು ಕೂರುವ ಜಾಗವನ್ನು ಅಗೆಯತೊಡಗಿದ. ಹಾದುಹೋಗುವವರೆಲ್ಲ ಪದ್ಧತಿಯಂತೆ ಮನೆ, ಹೆಂಡತಿ, ಮಕ್ಕಳ ಕ್ಷೇಮ ವಿಚಾರಿಸಿದರು. ಗುಂಡಿಯೊಳಗಿಂದಲೇ ಎಲ್ಲರಿಗೂ ಕ್ಷೇಮ ಎಂದ. ಕೊನೆಗೆ ಬಂದವನು ಒಗೊಬಾರನೇ. ತಾಯಿತ ಬಿದ್ದುಹೋಗಿದೆ, ಹುಡುಕುತ್ತಿದ್ದೇನೆ ಎಂದು ಅತೀಮೆ ಸುಳ್ಳು ಹೇಳಿದ. "ಸರಿ ಬಿಡಣ್ಣ, ಜಗಳ ಸಂಜೆಗಲ್ವಾ" ಎಂದ ಒಗೊಬಾರ, ಪಾಪ, ಗುದ್ದಲಿ ಕಿತ್ತುಕೊಂಡು ತೊಡೆಯಾಳಕ್ಕೆ ಅಗೆದುಕೊಟ್ಟ.

ಸಂಜೆ ಅತೀಮೆ ಗುಂಡಿಯಲ್ಲಿ ಕಾಲು ಇಳಿಬಿಟ್ಟು, ಮೇಲೆ ನಿಲುವಂಗಿ ಹರಡಿ ಕೂತ. ಸರದಿ ಬಂದೊಡನೆ ಕೆರಳಿ ಎದ್ದು ನಿಂತ. ತೊಲೆ ತಾಗಲಿಲ್ಲ. ಕನಸಿನಲ್ಲಿದ್ದಂತೆ ಮಾತು ತಾನಾಗಿ ಹರಿಯಿತು: ವರ್ಷದ ದುಡಿಮೆ, ನೀರು ಹೊತ್ತು ಸವೆದ ಯಾಸಿಗೆಯ ನೆತ್ತಿ. ಕೇಳಿದವರ ಕಣ್ಣು ತುಂಬಿತು. ಬದುಕಿನಲ್ಲಿ ಮೊದಲ ಸಲ ಅತೀಮೆ ಪೂರ್ತಿ ಮಾತಾಡಿ ಮುಗಿಸಿದ್ದ.

ಊರ ಹಿರಿಯ ಪಂಗಾಲೆಜ್ಜ ತೊಲೆಯನ್ನೂ ಅತೀಮೆಯ ತಲೆಯನ್ನೂ ನೋಡಿದ. "ಸಿಟ್ಟು ಬಂದವನನ್ನ ಈ ತೊಲೆ ಯಾವತ್ತೂ ಹೊಡೀದೆ ಬಿಟ್ಟಿಲ್ಲ. ಇವತ್ತು ಹೊಡೀಲಿಲ್ಲ. ಅಂದ್ಮೇಲೆ ನಿಂಗೆ ಸಿಟ್ಟೇ ಇಲ್ಲ ಕಣೋ. ಮನಸ್ಸಲ್ಲೇ ಕ್ಷಮಿಸಿಬಿಟ್ಟಿದೀಯ. ಮೇಕೆ ಒಗೊಬಾರನ ಹತ್ರಾನೇ ಇರ್ಲಿ."

ಎಲ್ಲರೂ ತಲೆದೂಗಿದರು, ಕನಸಿನ ನಕ್ಷತ್ರಗಳ ಹಾಗೆ. ಅತೀಮೆಗೆ ಮೈಯೆಲ್ಲ ಉರಿಯಿತು. ಗುಂಡಿಯಿಂದ ಮೇಲಕ್ಕೆ ಹಾರಿದ. ತೊಲೆ ತನ್ನ ಕೆಲಸ ಮಾಡಿತು.

"ಈಗ ಬಂತು ನೋಡು ಸಿಟ್ಟು" ಎಂದ ಅಜ್ಜ. "ಆದ್ರೆ ತೀರ್ಪು ಆಗೋಯ್ತಲ್ಲ."

ಊದಿದ ಹಣೆಗೆ ಈರುಳ್ಳಿ ಅರೆದು ಹಚ್ಚಬೇಕೆಂದು ಒಗೊಬಾರನೇ ಓಡಿಹೋಗಿ, ಬಂಡೆಯ ಮೇಲೆ ಉಳಿದಿದ್ದ ಆ ಒಂದೇ ಉಂಡೆಯನ್ನು ಎತ್ತಿಕೊಂಡು ಬಂದ.