ಜಗಲಿಗೆ ಮಿಂಚು ಕಟ್ಟಿದ ಚಿಕ್ಕಪ್ಪ

ನ್ಯಾಮತಿಯಲ್ಲಿ ನಮ್ಮ ಚಿಕ್ಕಪ್ಪ ಕುರುಡು ಮಾಡದೆ ಬಿಟ್ಟ ಮನುಷ್ಯನೇ ಇಲ್ಲ! ಗಾಬರಿಯಾಗಬೇಡಿ, ಒಬ್ಬೊಬ್ಬರನ್ನು ಎರಡೆರಡು ಸೆಕೆಂಡು ಮಾತ್ರ. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಅವರದೊಂದು ಫೋಟೋ ಸ್ಟುಡಿಯೋ ಇತ್ತು. ಮದುವೆ, ನಾಮಕರಣ, ಪಾಸ್‌ಪೋರ್ಟ್ ಸೈಜು, ಯಾವುದೇ ಇರಲಿ, ಅವರು ಮೊದಲು "ಅಲ್ಲಾಡಬ್ಯಾಡ್ರಿ" ಎನ್ನುತ್ತಿದ್ದರು, ಆಮೇಲೆ "ಉಸಿರು ಬಿಡಬ್ಯಾಡ್ರಿ" ಎನ್ನುತ್ತಿದ್ದರು, ಆಮೇಲೆ ಫ್ಲ್ಯಾಶ್. ಊರಿನಲ್ಲಿ ಯಾರಾದರೂ ತೀರಿಕೊಂಡರೆ ಕುರ್ಚಿಯಲ್ಲಿ ಕೂರಿಸಿ, ಹಾರ ಹಾಕಿ, ಸುತ್ತ ಮನೆಯವರನ್ನು ನಿಲ್ಲಿಸಿ ಕೊನೆಯ ಫೋಟೋ ತೆಗೆಯುತ್ತಿದ್ದವರೂ ಅವರೇ. ಅಲ್ಲಿಯೂ ಬಾಯಿಗೆ ಅದೇ ಮಾತು ಬರುತ್ತಿತ್ತು. ಹೆಣದ ಮುಂದೆ ನಿಂತು "ಅಲ್ಲಾಡಬ್ಯಾಡ್ರಿ" ಎಂದರೆ ಯಾರು ತಾನೆ ನಗುವುದಿಲ್ಲ? ಯಾರೂ ನಗುತ್ತಿರಲಿಲ್ಲ. ಚಿಕ್ಕಪ್ಪನ ಪ್ರಕಾರ ಅವರ ಮಾತನ್ನು ಪೂರ್ತಿ ಕೇಳಿದ ಗಿರಾಕಿಗಳೆಂದರೆ ಸತ್ತವರು ಮಾತ್ರ!

ನಾನು ಪತ್ರಿಕೆಯ ವರದಿಗಾರ. ಕಂಡದ್ದನ್ನು ಕಂಡಷ್ಟೇ ಬರೆಯುವುದು ನನ್ನ ಅಭ್ಯಾಸ. ಕಳೆದ ದೀಪಾವಳಿಯ ಮೂರು ಸಂಜೆ ಅವರ ಮನೆಯ ಮುಂದೆ ನಡೆದದ್ದನ್ನು ಅದೇ ಕ್ರಮದಲ್ಲಿ ಹೇಳುತ್ತೇನೆ. ಕೆಲವನ್ನು ನಂಬುವುದು ಕಷ್ಟ. ನಾನೂ ನಂಬಲಿಲ್ಲ. ನೋಡಿದೆ, ಅಷ್ಟೇ.

ಮೊದಲು ಚಿಕ್ಕಮ್ಮನ ವಿಷಯ ಹೇಳಬೇಕು. ಅವರ ಬಲಗೈಗೆ ನಡುಕ ಶುರುವಾಗಿ ಎರಡು ವರ್ಷವಾಗಿತ್ತು. ಶಿವಮೊಗ್ಗದ ಡಾಕ್ಟರು ಮಾತ್ರೆ ಕೊಟ್ಟಿದ್ದರು. ಮಾತ್ರೆ ನಡಿಗೆಯನ್ನು ಸರಿಮಾಡಿತು, ಕೈಯನ್ನು ಮಾಡಲಿಲ್ಲ. ಪ್ರತಿ ದೀಪಾವಳಿಗೆ ಜಗಲಿಯ ತುಂಬ ಹಣತೆ ಹಚ್ಚಿ, ಬೀದಿಯ ಹೆಂಗಸರನ್ನೆಲ್ಲ ಕೂಗಿ ಕರೆದು ಕುಂಕುಮ ಕೊಡುತ್ತಿದ್ದವರು, ಯಾರದೋ ಹಣೆಗೆ ಇಡಬೇಕಾದ ಕುಂಕುಮ ಕಣ್ಣಿಗೆ ಬಿದ್ದ ದಿನದಿಂದ ಹೊಸಲು ದಾಟುವುದನ್ನೇ ಬಿಟ್ಟರು. ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡು ಅಡುಗೆಮನೆಯಲ್ಲೇ ಇರುತ್ತಿದ್ದರು. ಯಾರು ಬಂದರೂ "ಮಲಗ್ಯಾಳೆ ಅಂತ ಹೇಳ್ರಿ" ಎನ್ನುತ್ತಿದ್ದರು.

"ಈ ಸಲ ಇವಳನ್ನ ಜಗಲಿಗೆ ಕರ್ಕೊಂಡು ಬರ್ತೀನಿ," ಎಂದರು ಚಿಕ್ಕಪ್ಪ ನನ್ನೆದುರು. "ಬರ್ದೇ ಇರಾಕೆ ಆಗ್ಬಾರ್ದು, ಅಂಥಾ ಲೈಟು ಹಾಕ್ತೀನಿ."

ಎಲ್ಲರ ಮನೆಯಲ್ಲೂ ಸೀರಿಯಲ್ ಸೆಟ್ಟು, ಆಕಾಶಬುಟ್ಟಿ. ಇವರು ಅಟ್ಟದಿಂದ ಇಳಿಸಿದ್ದು ಹಳೆಯ ಫ್ಲ್ಯಾಶ್‌ಗಳನ್ನು! ಸುತ್ತಮುತ್ತ ಮುಚ್ಚಿದ ಸ್ಟುಡಿಯೋಗಳವೂ ಅವರ ಬಳಿಯೇ ಸೇರಿದ್ದವು. ಜಗಲಿಯ ಕಂಬಗಳಿಗೆ, ಕಿಟಕಿಯ ಸರಳಿಗೆ, ತುಳಸಿಕಟ್ಟೆಗೆ ಎಲ್ಲ ಕಡೆ ಕಟ್ಟಿದರು. ಚತುರ್ದಶಿಯ ಸಂಜೆ ಕತ್ತಲು ಕವಿಯುತ್ತಿದ್ದಂತೆ ಕುಂಯ್ ಎಂಬ ಸಣ್ಣ ಸದ್ದು ಎದ್ದಿತು. ಫ್ಲ್ಯಾಶ್ ತುಂಬಿಕೊಳ್ಳುವ ಸದ್ದು. ಅಷ್ಟೊಂದು ಒಟ್ಟಿಗೆ ಕೇಳಿದಾಗ ಗೋಡೆಯೊಳಗೆ ಯಾರೋ ಅಳುತ್ತಿರುವಂತಿತ್ತು. ಆಮೇಲೆ ಬೀದಿ ಒಮ್ಮೆಲೇ ಬೆಳ್ಳಗಾಯಿತು.

ಈಗ ನಾನು ಕಂಡದ್ದು. ಬೀದಿಯಲ್ಲಿ ಹೋಗುತ್ತಿದ್ದವರೆಲ್ಲ ನಿಂತುಬಿಟ್ಟರು. ಹೆದರಿ ಅಲ್ಲ. ಗಲ್ಲ ಮೇಲೆತ್ತಿ, ಭುಜ ನೇರ ಮಾಡಿ, ಕೈ ಮುಂದೆ ಕಟ್ಟಿ, ಉಸಿರು ಹಿಡಿದು! ತರಕಾರಿ ಚೀಲ ಹಿಡಿದಿದ್ದವರು ಚೀಲವನ್ನು ಬೆನ್ನ ಹಿಂದೆ ಮರೆಮಾಡಿದರು. ಊರಿಗೆ ಊರೇ ಜೀವಮಾನವಿಡೀ ಒಂದೇ ಫೋಟೋಗ್ರಾಫರನ ಮುಂದೆ ನಿಂತ ಫಲ ಇದು. ಮತ್ತೆ ಕತ್ತಲು. ಒಬ್ಬರೂ ಕದಲಲಿಲ್ಲ. ನಗು ಬರಬೇಕಿತ್ತು, ಬರಲಿಲ್ಲ. ಚಿಕ್ಕಪ್ಪ ತೆಗೆದ ಕೊನೆಯ ಫೋಟೋಗಳೆಲ್ಲ ಒಟ್ಟಿಗೆ ಎದ್ದು ಬಂದು ನಿಂತಂತಿತ್ತು.

ಕೊನೆಗೆ ಕಿರಾಣಿ ಅಂಗಡಿಯ ಯಜಮಾನರು ತುಟಿ ಅಲ್ಲಾಡಿಸದೆ ಕೇಳಿದರು: "ಆತೇನ್ರೀ? ಉಸಿರು ಬಿಡಬೌದಾ?"

ಅಡುಗೆಮನೆಯಿಂದ ಚಿಕ್ಕಮ್ಮ ಇಣುಕಲೂ ಇಲ್ಲ. "ಒಂದ್ಸಲ ಹೊಳೆದು ಹೋಗಾದು ನೋಡಾಕೆ ಅಲ್ಲಿಗ್ಯಾಕೆ ಬರ್ಲಿ? ಇಲ್ಲೇ ಗೋಡೆ ಮೇಲೆ ಕಾಣ್ತು ಬಿಡ್ರಿ," ಎಂದರು.

ಒಂದು ಸಲ ಹೊಳೆದರೆ ಸಾಲದು, ಬಿಡದೆ ಹೊಳೆಯಬೇಕು ಎಂದಾಯಿತು. ಮರುದಿನ ಚಿಕ್ಕಪ್ಪ ಶಾಮಿಯಾನದ ಅಂಗಡಿಯಿಂದ ಆರ್ಕೆಸ್ಟ್ರಾಗಳಿಗೆ ಹಾಕುವ ಮಿಂಚಿನ ಲೈಟನ್ನು ಹೊತ್ತು ತಂದರು. ಅದಕ್ಕೊಂದು ತಿರುಗುಣಿ. ತಿರುಗಿಸಿದಂತೆ ಬೆಳಕು ಬೇಗ ಬೇಗ ಬಡಿಯುತ್ತದೆ ಅಥವಾ ನಿಧಾನವಾಗುತ್ತದೆ. ಆ ಬೆಳಕಿನಲ್ಲಿ ಯಾರೂ ನಡೆಯುವುದಿಲ್ಲ, ಗೊತ್ತೇ? ಒಂದು ಹೊಳಪಿಗೆ ಗೇಟಿನ ಬಳಿ ಇರುತ್ತಾರೆ, ಮುಂದಿನ ಹೊಳಪಿಗೆ ಮೆಟ್ಟಿಲ ಮೇಲೆ. ನಡುವೆ ಎಲ್ಲಿದ್ದರು? ಎಲ್ಲೂ ಇರಲಿಲ್ಲ! ಬೀದಿ ನಾಯಿಯೊಂದು ಓಡಿಬಂದದ್ದು ನಾಲ್ಕು ನಾಯಿಗಳು ಸಾಲಾಗಿ ನಿಂತಂತೆ ಕಂಡಿತು. ಅದೂ ತನ್ನನ್ನು ತಾನು ಎಣಿಸಿ ನೋಡಿಕೊಂಡಿತೋ ಏನೋ, ಊಳಿಟ್ಟು ಓಡಿತು.

ಅಂದು ಅಮಾವಾಸ್ಯೆ. ನಮ್ಮ ಕಡೆ ಹಿರಿಯರಿಗೆ ಎಡೆ ಇಡುವ ದಿನ. ಎದುರುಮನೆಯಾಕೆ ತೀರಿಹೋದ ಅತ್ತೆಯ ಎಡೆಯ ಬಾಳೆಲೆ ಸರಿಮಾಡಿ ಹೊರಗೆ ಬಂದವರು ಚಿಟ್ಟನೆ ಚೀರಿದರು.

"ಅಣ್ಣಾರೇ, ಲೈಟ್ ಆರಿಸ್ರೀ! ನಮ್ಮತ್ತೆ ಬಂದು ನಿಂತಾರೆ!"

"ಎಲ್ಲಿ ನಿಂತಾರವ್ವಾ?"

"ನಿಮ್ ಕಂಬದ ಪಕ್ಕ. ಬಿಳಿ ಸೀರೆ. ನನ್ನೇ ನೋಡ್ತಾ ಇದ್ರು."

"ಏನಾದ್ರೂ ಅಂದ್ರಾ?"

"ಇಲ್ರೀ. ಸುಮ್ನೆ ನಿಂತಿದ್ರು."

ಚಿಕ್ಕಪ್ಪ ತಿರುಗುಣಿಯಿಂದ ಕೈ ತೆಗೆಯದೆ ಹೇಳಿದರು: "ಸುಮ್ನೆ ನಿಂತಿದ್ರು ಅಂದ್ರೆ ನಿಮ್ಮತ್ತೆ ಅಲ್ಲ ಬಿಡವ್ವ. ಬ್ಯಾರೆ ಯಾರೋ!"

ಎದುರುಮನೆಯಾಕೆ ನಕ್ಕರು. ನಾನು ಕಂಬದ ಬಳಿ ಹೋಗಿ ನೋಡಿದೆ. ಅಲ್ಲಿ ಒಣಹಾಕಿದ ಬಿಳಿ ಪಂಚೆಯೂ ಇರಲಿಲ್ಲ, ಏನೂ ಇರಲಿಲ್ಲ. ಇದನ್ನೂ ಬರೆದಿಡಬೇಕಲ್ಲ, ಬರೆದಿದ್ದೇನೆ. ಒಳಗೆ ಚಿಕ್ಕಮ್ಮ ಬಾಗಿಲಿಗೆ ಚಿಲಕ ಹಾಕಿಕೊಂಡಿದ್ದರು. ಹೊರಗೆ ಕರೆತರಲು ಹಾಕಿದ ಬೆಳಕು ಅವರನ್ನು ಇನ್ನೂ ಒಳಗೆ ತಳ್ಳಿತ್ತು.

ಪಾಡ್ಯದ ಸಂಜೆ ಚಿಕ್ಕಪ್ಪ ಲೈಟು ಬಿಚ್ಚುವ ಮನಸ್ಸು ಮಾಡಿದ್ದರು. "ಕೊನೇದಾಗಿ ಒಂದ್ಸಲ ಹಾಕಿ ಬಿಚ್ಚಿಬಿಡ್ತೀನಿ" ಎಂದು ಸ್ವಿಚ್ ಒತ್ತಿದ್ದೇ ತಡ, ಚಿಕ್ಕಮ್ಮನ ತಮ್ಮ ಸಾಸ್ವೆಹಳ್ಳಿಯಿಂದ ಬೈಕಿನಲ್ಲಿ ಬಂದರು. ಬೀದಿಯ ತಿರುವಿನಲ್ಲಿ ಮುಂದಿನ ಗಾಲಿ ನೋಡಿಕೊಂಡರು. ಆ ಮಿಂಚಿನ ಬೆಳಕಿನಲ್ಲಿ ಕಡ್ಡಿಗಳೆಲ್ಲ ಒಂದೊಂದಾಗಿ ಕಾಣುವಂತೆ ಗಾಲಿ ನಿಂತುಬಿಟ್ಟಿದೆ! ನಿಂತ ಗಾಡಿಯಲ್ಲಿ ಯಾರಾದರೂ ಮಾಡುವಂತೆ ಅವರೂ ಕಾಲು ಕೆಳಗಿಟ್ಟರು. ಗಾಡಿ ನಿಂತಿರಲಿಲ್ಲ. ಕಜ್ಜಾಯದ ಡಬ್ಬಿಯ ಸಮೇತ ಚರಂಡಿಗೆ ಹೋದರು.

"ಗಾಡಿ ಹೊಂಟೈತೆ, ಗಾಲಿ ನಿಂತೈತೆ! ಮನುಷ್ಯ ಯಾವ್ದನ್ನ ನಂಬಾದ್ರೀ ಭಾವಾ?" ಎಂದು ಚರಂಡಿಯಿಂದಲೇ ಕೂಗಿದರು.

ಚಿಕ್ಕಪ್ಪ ಓಡಿಹೋದರು. ಎತ್ತಲು ಅಲ್ಲ. "ಏನಂದಿ? ಗಾಲಿ ನಿಂತಿತ್ತಾ? ತಿರುಗ್ತಾ ಇದ್ದದ್ದು ನಿಂತಂಗೆ ಕಾಣ್ತಾ? ಏಳು, ಇನ್ನೊಂದ್ಸಲ ಬಾ!" ಕೆಸರು ಮೆತ್ತಿದ ಬಾಮೈದನನ್ನು ಬೈಕಿನ ಮೇಲೆ ಮೂರು ಸಲ ಬೀದಿಯುದ್ದಕ್ಕೂ ಓಡಾಡಿಸಿದರು. ಮೂರು ಸಲವೂ ತಿರುಗುಣಿಯನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಮಾಡಿದರು. ಮೂರನೇ ಸಲ ಗಾಲಿ ನಿಂತಿತು, ಚಿಕ್ಕಪ್ಪನ ಮುಖವೂ. ನಗಲಿಲ್ಲ. ಲೈಟನ್ನು ಬೀದಿಯ ಕಡೆಯಿಂದ ಎತ್ತಿ ಜಗಲಿಯ ಕಡೆಗೆ ತಿರುಗಿಸಿಟ್ಟು, ನನ್ನನ್ನು ಕರೆದರು.

"ನಿಮ್ ಚಿಕ್ಕಮ್ಮನ್ನ ಕರ್ಕೊಂಡು ಬಾ. ನಾನು ಕರೆದ್ರೆ ಬರಲ್ಲ."

"ನಾ ಬರಲ್ಲಪ್ಪ, ಜನ ನೋಡ್ತಾರೆ," ಎಂದರು ಚಿಕ್ಕಮ್ಮ ಬಾಗಿಲ ಸಂದಿಯಿಂದ.

"ನಿಮ್ಮ ತಮ್ಮ ಚರಂಡಿಗೆ ಬಿದ್ದಾರೆ, ಚಿಕ್ಕಮ್ಮ" ಎಂದೆ. ವರದಿ ಸತ್ಯವಾಗಿತ್ತು. ಸ್ವಲ್ಪ ಹಳೆಯದು, ಅಷ್ಟೇ.

ಬಂದರು. ಜಗಲಿಯ ಅಂಚಿನಲ್ಲಿ ಕೂತರು. ಬಲಗೈ ಸೆರಗಿನೊಳಗೆ. ಬೆಳಕು ಬಡಿಯುತ್ತಿತ್ತು: ಚಿಕ್ಕಮ್ಮ ಇದ್ದಾರೆ, ಇಲ್ಲ, ಇದ್ದಾರೆ, ಇಲ್ಲ. ಪ್ರತಿ ಕತ್ತಲಿಗೂ ನನಗೆ ಭಯವಾಗುತ್ತಿತ್ತು.

"ಕೈ ಹೊರಗೆ ತೆಗಿ," ಎಂದರು ಚಿಕ್ಕಪ್ಪ.

"ಬ್ಯಾಡ್ರೀ."

"ಒಂದ್ಸಲ ತೆಗಿಯೇ. ಯಾರೂ ಇಲ್ಲ, ನಾವೇ ಇರಾದು."

ಸೆರಗು ಸರಿಯಿತು. ಮೊದಲು ಕಂಡದ್ದು ಒಂದು ಕೈಯಲ್ಲ, ಏಳೆಂಟು ಕೈಗಳು, ಒಂದರ ಮೇಲೊಂದು, ಹೊಗೆಯ ಹಾಗೆ. ಚಿಕ್ಕಮ್ಮ ಮುಖ ತಿರುಗಿಸಿಕೊಂಡರು. ಚಿಕ್ಕಪ್ಪ ತಿರುಗುಣಿ ತಿರುಗಿಸಿ ಬೆಳಕನ್ನು ನಿಧಾನ ಮಾಡುತ್ತ ಹೋದರು. ಕೈಗಳು ಒಂದರೊಳಗೊಂದು ಸೇರಿದವು. ಐದಾದವು, ಎರಡಾದವು. ಆಮೇಲೆ ಒಂದೇ ಕೈ ಉಳಿಯಿತು. ನಿಂತಿತು. ಬೆರಳು ಬೆರಳೂ, ಉಂಗುರವೂ, ಉಗುರಿನ ಸುತ್ತಲಿನ ಅರಿಶಿನವೂ ಕಾಣುವಂತೆ, ಗಾಳಿಯಲ್ಲಿ ಅಲುಗದೆ ನಿಂತಿತು.

ವರದಿಗಾರನಾಗಿ ನಾನು ದಾಖಲಿಸಬೇಕಾದದ್ದು ಇಷ್ಟು: ಕೈ ನಡುಗುತ್ತಲೇ ಇತ್ತು. ಹಸಿರು ಗಾಜಿನ ಬಳೆಗಳು ಬಿಡದೆ ಗಲಗಲ ಎನ್ನುತ್ತಿದ್ದವು. ಕಣ್ಣಿಗೆ ನಿಂತಂತೆ ಕಂಡ ಕೈಯಿಂದ ಕಿವಿಗೆ ಆ ಸದ್ದು ಬರುತ್ತಿತ್ತು. ಅದಕ್ಕಿಂತ ವಿಚಿತ್ರವಾದದ್ದನ್ನು ನಾನು ಕಂಡಿಲ್ಲ. ನಡುಕ ಒಂದೇ ಸಮ ಇರುವುದಿಲ್ಲವಲ್ಲ, ಅದು ತುಸು ಹೆಚ್ಚಾದಾಗ ಕೈ ಮಸುಕಾಗುತ್ತಿತ್ತು. ಚಿಕ್ಕಪ್ಪ ಬೆರಳಲ್ಲೇ ಬೆಳಕನ್ನು ಅದರ ಹಿಂದೆ ಕರೆದೊಯ್ದು ಮತ್ತೆ ನಿಲ್ಲಿಸುತ್ತಿದ್ದರು. ತಿರುಗುಣಿಯತ್ತ ಅವರು ನೋಡುತ್ತಲೇ ಇರಲಿಲ್ಲ. ಉಸಿರು ಹಿಡಿದಿದ್ದರು.

ಚಿಕ್ಕಮ್ಮ ತಮ್ಮ ಕೈಯನ್ನು ಬಹಳ ಹೊತ್ತು ನೋಡಿದರು. ಯಾರದೋ ಕೈಯನ್ನು ನೋಡುವ ಹಾಗೆ, ಆಮೇಲೆ ತಮ್ಮದೇ ಎಂದು ಗುರುತು ಹಿಡಿದ ಹಾಗೆ.

"ಇದನ್ನ ಎಷ್ಟೊತ್ತು ಹಿಂಗೇ ಇಡಾಕೆ ಆಗುತ್ರೀ?"

"ನೀನು ಕೂತಿರೋಷ್ಟೊತ್ತು."

ಅವರು ಸೆರಗು ಸರಿಮಾಡಿಕೊಂಡರು, ಕೈ ಮುಚ್ಚಿಕೊಳ್ಳಲಿಲ್ಲ. ಎದುರುಮನೆಯ ಕಡೆ ತಿರುಗಿ, ಎರಡು ವರ್ಷದಿಂದ ಬೀದಿ ಕೇಳಿರದ ದನಿಯಲ್ಲಿ ಕೂಗಿದರು: "ಅವ್ವಾ, ಒಳಗೇ ಕೂತಿದೀಯೇನು? ಕುಂಕುಮ ತಗೊಂಡು ಹೋಗು ಬಾರೇ!"